ನೋವಿನ ಮಾತ್ರೆ ಜೊತೆ ಗ್ಯಾಸ್ ಮಾತ್ರೆ, ಲಿವರ್ ಗತಿ ಏನು? ಅನುಭವ ಇದ್ದವರು ಹೇಳಿ

ಮಂಡಿನೋವಿನ ಮಗ: ಅಮ್ಮನಿಗೆ 62. ದಿನಕ್ಕೆರಡು ಅಸೆಕ್ಲೋಫೆನಾಕ್-ಪ್ಯಾರಾಸಿಟಮಾಲ್, ಬೆಳಿಗ್ಗೆ ಗ್ಯಾಸ್‌ಗೆ ಪ್ಯಾಂಟೊಪ್ರಜೋಲ್. ಈಗ ಲಿವರ್ ಪರೀಕ್ಷೆಯಲ್ಲಿ ಎಸ್‌ಜಿಪಿಟಿ 118 ಬಂದಿದೆ. ಗ್ಯಾಸ್ ಮಾತ್ರೆ ಲಿವರನ್ನು ಕಾಪಾಡುತ್ತಾ, ಕೆಡಿಸುತ್ತಾ?

ಸುಟ್ಟ ಕೈ: 118ಕ್ಕೇ ಹೆದರಿದಿರಾ? ನಮ್ಮ ಯಜಮಾನರಿಗೆ 2,840 ಇತ್ತು. ಹಲ್ಲುನೋವಿಗೆ ದಿನಕ್ಕೆ ಪ್ಯಾರಾಸಿಟಮಾಲ್ 650ರ ಮಾತ್ರೆ ಐದು. ಅದರ ಮೇಲೆ ನೆಗಡಿ ಮಾತ್ರೆ ಮೂರು. ನೆಗಡಿ ಮಾತ್ರೆಯಲ್ಲೂ 500 ಪ್ಯಾರಾಸಿಟಮಾಲ್ ಇತ್ತು, ಸ್ಟ್ರಿಪ್ ಹಿಂದೆ ಇರುವೆ ತಲೆಯಷ್ಟು ಅಕ್ಷರದಲ್ಲಿ. ಕೂಡಿಸಿ ನೋಡಿ, 4,750 ಮಿಲಿಗ್ರಾಂ. ನಾಲ್ಕು ದಿನ ಹೀಗೇ, ಹೊಟ್ಟೆಗೆ ಬರೀ ಗಂಜಿ ನೀರು. ಐದನೇ ದಿನ ವಾಂತಿ, ಕಣ್ಣು ಹಳದಿ. ಪ್ಯಾರಾಸಿಟಮಾಲ್ ವಿಷಕ್ಕೆ ಮದ್ದು ಅಂತ ಅಸಿಟೈಲ್‌ಸಿಸ್ಟೀನ್ ಡ್ರಿಪ್ ಹಾಕಿದರು. ಬಿಲ್ 1,38,000. ಅದರಲ್ಲಿ ಗ್ಲೌಸಿಗೇ 1,900! ಓಲೆ ಅಡವಿಟ್ಟೆ, ಇನ್ನೂ ಬಿಡಿಸಿಲ್ಲ. ಜೊತೆಗೆ ದಿನಾ ಗ್ಯಾಸ್ ಮಾತ್ರೆ ನುಂಗುತ್ತಿದ್ದರು. ಹೊಟ್ಟೆ ಉರಿ ಬರಲಿಲ್ಲ, ಅದಕ್ಕೇ ಧೈರ್ಯವಾಗಿ ಇನ್ನೊಂದು, ಇನ್ನೊಂದು ಅಂತ ತಿಂದರು.

ಕೌಂಟರ್ 22 ವರ್ಷ: ಗ್ಯಾಸ್ ಮಾತ್ರೆಯ ಕಾವಲು ಹೊಟ್ಟೆಗೆ, ಲಿವರ್‌ಗಲ್ಲ. ಪ್ಯಾರಾಸಿಟಮಾಲ್‌ನ ಒಂದು ಪಾಲನ್ನು ಲಿವರ್ ಕಿಣ್ವಗಳು ವಿಷ ಮಾಡುತ್ತವೆ. ಲಿವರ್‌ನಲ್ಲೇ ಇರುವ ಗ್ಲುಟಾಥಯೋನ್ ಅನ್ನೋ ವಸ್ತು ಅದನ್ನು ತೊಳೆಯುತ್ತೆ, ಉಪವಾಸವಿದ್ದರೆ ಅದೂ ಕಮ್ಮಿ. ಹಳೇ ಗ್ಯಾಸ್ ಮಾತ್ರೆ ಸಿಮೆಟಿಡಿನ್ ಆ ಕಿಣ್ವಗಳನ್ನು ತಡೆದು ಇಲಿಗಳನ್ನು ಉಳಿಸಿತು. ಮನುಷ್ಯರಲ್ಲಿ ಪ್ರಯೋಜನ ಕಾಣಲಿಲ್ಲ. ಅದರ ತಮ್ಮ ರಾನಿಟಿಡಿನ್ ದೊಡ್ಡ ಡೋಸಿನಲ್ಲಿ ಇಲಿಗಳಿಗೆ ಕೆಟ್ಟದ್ದೇ ಮಾಡಿತು. ಪ್ಯಾಂಟೊಪ್ರಜೋಲ್ ಜಾತಿಯ ಒಮೆಪ್ರಜೋಲ್ ಅಂಥ ಒಂದು ಕಿಣ್ವ ಏರಿಸುತ್ತೆ ಅಂತ ಭಯವಿತ್ತು, ಜನರಲ್ಲಿ ಪರೀಕ್ಷಿಸಿದಾಗ ವಿಷ ಹೆಚ್ಚಾಗಲಿಲ್ಲ. ನಿಮ್ಮ ಕೇಸಲ್ಲಿ ನನಗೆ ಅನುಮಾನ ಅಸೆಕ್ಲೋಫೆನಾಕ್ ಮೇಲೇ. ನಾಳೆಯೇ ರಿಪೋರ್ಟ್ ಹಿಡಿದು ಡಾಕ್ಟರ್ ಹತ್ತಿರ ಹೋಗಿ.

ಹಿತ್ತಲ ಮದ್ದು: ಎಲ್ಲಾ ಬಿಸಾಕಿ. ನಾನು ಎಂಟು ವರ್ಷದಿಂದ ಅಮೃತಬಳ್ಳಿ ಕಷಾಯದಲ್ಲೇ ಇದ್ದೀನಿ. ಮಂಡಿ, ಲಿವರ್ ಎರಡೂ ಗಟ್ಟಿ.

ಸುಟ್ಟ ಕೈ: ಅಯ್ಯೋ! ಡಿಸ್ಚಾರ್ಜ್ ಆದಮೇಲೆ ಅತ್ತೆಯೂ ಅದನ್ನೇ ಕುದಿಸಿ ತಂದಿದ್ದರು. ಲಿವರ್ ಡಾಕ್ಟರ್ ಲೋಟ ಮುಟ್ಟಬೇಡಿ ಅಂದರು. 2021ರಲ್ಲಿ ಮುಂಬೈ ಡಾಕ್ಟರುಗಳು ಅಮೃತಬಳ್ಳಿ ಕುಡಿದು ಲಿವರ್ ಕೆಟ್ಟ ಆರು ಕೇಸು ಬರೆದಿದ್ದಾರೆ, ಓದಿ.

ಹಿತ್ತಲ ಮದ್ದು: ಆಯುಷ್ ಸಚಿವಾಲಯ ಆಗಲೇ ಅದು ತಪ್ಪು ಅಂತ ಹೇಳಿತ್ತು. ಅದನ್ನೂ ಓದಿ. ಅಂಗಡಿಯವರ ಮಾತು ಕೇಳಿಯೇ ಅಲ್ವಾ ನಿಮ್ಮ ಓಲೆ ಹೋದದ್ದು?

ಮಂಡಿನೋವಿನ ಮಗ: ದಯವಿಟ್ಟು ಜಗಳ ಬೇಡ. ಅಮ್ಮನಿಗೆ ಇವತ್ತು ರಾತ್ರಿಯ ಮಾತ್ರೆ ಕೊಡಲಾ?

ಕೌಂಟರ್ 22 ವರ್ಷ: ಈಗಲೇ ಬರೆದುಕೊಟ್ಟ ಡಾಕ್ಟರ್‌ಗೆ ಫೋನ್ ಮಾಡಿ ಕೇಳಿ. ಮತ್ತೆ ಅಂಗಡಿಯವರನ್ನು ಸುಮ್ನೆ ಬಯ್ಯಬೇಡಿ. ಡಾಕ್ಟರ್ ಚೀಟಿ ತನ್ನಿ ಅಂದರೆ ಪಕ್ಕದ ಅಂಗಡಿಗೆ ಹೋಗುವವರು ನೀವೇ.

ಸುಟ್ಟ ಕೈ: ಪಕ್ಕದ ಅಂಗಡಿಯಾ? ನಮ್ಮೂರಲ್ಲಿ ಇರುವುದೇ ಒಂದು ಸ್ವಾಮಿ. ನೆಗಡಿ ಮಾತ್ರೆ ಕೊಟ್ಟವರೂ ಅವರೇ, ಗ್ಯಾಸ್ ಮಾತ್ರೆ ಕೊಟ್ಟವರೂ ಅವರೇ.