ಮೂಲ ಮೌಂಟ್ ಆಗಿರುವಾಗ ಎಕ್ಸ್‌ಎಫ್‌ಎಸ್ ನಕಲು ಮೌಂಟ್ ಆಗ್ತಿಲ್ಲ, ಇಎಕ್ಸ್‌ಟಿ4ನಲ್ಲಿ ಆಗುತ್ತೆ

ತುಂಗಾತೀರ

ನಮಸ್ಕಾರ. ಮೂರು ದಿನದಿಂದ ಒಂದೇ ಟೆಸ್ಟ್ ಹಿಡ್ಕೊಂಡು ಕೂತಿದ್ದೀನಿ, ಯಾರಾದ್ರೂ ದಾರಿ ತೋರಿಸಿ.

ನಾನು ಬ್ಯಾಕಪ್ ಸಾಫ್ಟ್‌ವೇರ್ ಒಂದಕ್ಕೆ ಟೆಸ್ಟ್ ಬರೀತೀನಿ. ಲಿನಕ್ಸ್‌ನ ಎಕ್ಸ್‌ಎಫ್‌ಎಸ್, ಇಎಕ್ಸ್‌ಟಿ4 ಅನ್ನೋ ಎರಡು ಫೈಲ್‌ಸಿಸ್ಟಮ್‌ಗಳಲ್ಲೂ (ಡಿಸ್ಕಿನಲ್ಲಿ ಫೈಲ್ ಜೋಡಿಸಿಡೋ ವಿಧಾನ) ಅದೇ ಟೆಸ್ಟ್ ಓಡಿಸ್ತೀನಿ. 512 ಎಂಬಿ ಇಮೇಜ್ ಫೈಲನ್ನ ಫಾರ್ಮ್ಯಾಟ್ ಮಾಡಿ, ಲೂಪ್ ಡಿವೈಸ್ (ಫೈಲನ್ನೇ ಡಿಸ್ಕಿನಂತೆ ತೋರಿಸೋದು) ಮೇಲೆ ಮೌಂಟ್ ಮಾಡಿ (ಬಳಕೆಗೆ ಜೋಡಿಸಿ), 200 ಫೈಲ್ ಬರೆದು ಸಿಂಕ್ (ಮೆಮೊರಿಯಲ್ಲಿರೋದನ್ನ ಡಿಸ್ಕಿಗೆ ಇಳಿಸೋ ಕಮಾಂಡ್) ಕೊಡ್ತೀನಿ. (ಮೊದಲು 64 ಎಂಬಿ ಇತ್ತು. ಈಗಿನ ಎಕ್ಸ್‌ಎಫ್‌ಎಸ್ ಫಾರ್ಮ್ಯಾಟ್ ಟೂಲ್ ಎಂಕೆಎಫ್‌ಎಸ್ 300 ಎಂಬಿಗಿಂತ ಕಡಿಮೆ ಇದ್ರೆ ಒಪ್ಪಲ್ಲ.) ಆಮೇಲೆ ಮೂಲ ಮೌಂಟ್ ಆಗಿರುವಾಗಲೇ ಇಮೇಜನ್ನ ನಕಲು ಮಾಡಿ, ನಕಲನ್ನ ರೀಡ್-ಓನ್ಲಿ ಆಗಿ ಮೌಂಟ್ ಮಾಡಿ ಚೆಕ್‌ಸಮ್ ಹೋಲಿಸ್ತೀನಿ.

ಇಎಕ್ಸ್‌ಟಿ4 ಪಾಸ್. ಎಕ್ಸ್‌ಎಫ್‌ಎಸ್‌ನಲ್ಲಿ ಎರಡನೇ ಮೌಂಟ್‌ಗೆ 'ರಾಂಗ್ ಎಫ್‌ಎಸ್ ಟೈಪ್, ಬ್ಯಾಡ್ ಆಪ್ಷನ್, ಬ್ಯಾಡ್ ಸೂಪರ್‌ಬ್ಲಾಕ್' ಅಂತ ಬರುತ್ತೆ. ರಿಪೇರಿ ಟೂಲ್‌ನಲ್ಲಿ ನೋಡಿದ್ರೆ ಸೂಪರ್‌ಬ್ಲಾಕ್ (ಫೈಲ್‌ಸಿಸ್ಟಮ್‌ನ ಮುಖ್ಯ ವಿವರ ಇರೋ ಬ್ಲಾಕ್) ಸರಿಯಾಗೇ ಇದೆ. 2014ರ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 7ರಿಂದ ಅಲ್ಲಿ ಎಕ್ಸ್‌ಎಫ್‌ಎಸ್ಸೇ ಡೀಫಾಲ್ಟ್, ಹಾಗಾಗಿ ಈ ಟೆಸ್ಟ್ ಬಿಡೋಕಾಗಲ್ಲ.

ಹಳೇಡಿಸ್ಕ್

ಮೌಂಟ್ ಕಮಾಂಡಿನ ಆ ಸಾಲನ್ನ ನಂಬಬೇಡಿ. ಕರ್ನಲ್ 'ಇನ್‌ವ್ಯಾಲಿಡ್' ಅಂದಾಗೆಲ್ಲ ಅದು ಹೇಳೋದು ಅಷ್ಟೇ. ಕರ್ನಲ್ ಲಾಗಿನ ಕೊನೆಯ ಸಾಲು ನೋಡಿ, 'ಡೂಪ್ಲಿಕೇಟ್ ಯುಯುಐಡಿ' ಅಂತ ಇರಬೇಕು. ಯುಯುಐಡಿ ಅಂದ್ರೆ ಆ ಫೈಲ್‌ಸಿಸ್ಟಮ್‌ನ ಗುರುತಿನ ಸಂಖ್ಯೆ.

ಬೈಟ್‌ಗೆ ಬೈಟ್ ನಕಲು ಮಾಡಿದ್ರೆ ಯುಯುಐಡಿಯೂ ನಕಲಾಗುತ್ತಲ್ಲ. ಒಂದೇ ಡಿಸ್ಕ್ ಎರಡು ದಾರಿಯಲ್ಲಿ ಎರಡು ಡಿವೈಸಾಗಿ ಕಾಣಿಸೋ ಮಲ್ಟಿಪಾತ್ ಸೆಟಪ್‌ಗಳಲ್ಲಿ ಎರಡನ್ನೂ ಮೌಂಟ್ ಮಾಡಿಬಿಟ್ರೆ ಡೇಟಾ ಹಾಳು. ಅದಕ್ಕೇ ಎಕ್ಸ್‌ಎಫ್‌ಎಸ್ ಒಂದು ಯುಯುಐಡಿಗೆ ಒಂದೇ ಮೌಂಟ್ ಬಿಡುತ್ತೆ. ಇಎಕ್ಸ್‌ಟಿ4ನಲ್ಲಿ ಈ ತಪಾಸಣೆ ಇಲ್ಲ. ನಕಲಿಗೆ ಈ ತಪಾಸಣೆ ಬಿಡಿಸೋ 'ನೋ-ಯುಯುಐಡಿ' ಆಪ್ಷನ್ ಕೊಡಿ.

ತುಂಗಾತೀರ

ಸರ್, ಹೌದು, ಲಾಗಲ್ಲಿ ಅದೇ ಸಾಲಿತ್ತು! ಆಪ್ಷನ್ ಕೊಟ್ಟೆ, ಪಾಸಾಯ್ತು.

ಆದ್ರೆ ಬ್ಯಾಕಪ್ ನಕಲಿನ ಒಂದು ಬೈಟೂ ಬದಲಾಗಬಾರದು ಅಂತ ಲೂಪ್ ಡಿವೈಸನ್ನೇ ರೀಡ್-ಓನ್ಲಿ ಮಾಡಿದೆ. ಈಗ 'ರೈಟ್ ಆಕ್ಸೆಸ್ ಅನ್‌ಅವೈಲಬಲ್' ಅಂತ ಮೌಂಟ್ ಬೀಳುತ್ತೆ. 'ನೋ-ರಿಕವರಿ' ಸೇರಿಸಿದ್ರೆ ಮೌಂಟ್ ಆಗುತ್ತೆ, ಆದ್ರೆ ಡೈರೆಕ್ಟರಿ ಖಾಲಿ. 200 ಫೈಲಲ್ಲಿ ಒಂದೂ ಇಲ್ಲ. ಸಿಂಕ್ ಕೊಟ್ಟಿದ್ದೀನಿ ಸರ್, ಎದೆ ಧಸಕ್ಕೆಂತು.

ಕರ್ನಲ್‌ಕಟ್ಟೆ

ಮೇಡಂ, ನಿಮ್ಮ ಫೈಲ್‌ಗಳು ಎಲ್ಲೂ ಹೋಗಿಲ್ಲ, ಅವುಗಳ ವಿವರ ಎಕ್ಸ್‌ಎಫ್‌ಎಸ್‌ನ ಸ್ವಂತ ಲಾಗಿನಲ್ಲಿದೆ (ಕರ್ನಲ್ ಲಾಗ್ ಅಲ್ಲ, ಡಿಸ್ಕಿನಲ್ಲೇ ಬದಲಾವಣೆಗಳನ್ನ ಮೊದಲು ಬರೆದಿಡೋ ಜಾಗ).

ಎಕ್ಸ್‌ಎಫ್‌ಎಸ್‌ನಲ್ಲಿ ಸಿಂಕ್ ಕೊಟ್ಟಾಗ ಫೈಲಿನ ಡೇಟಾ ಡಿಸ್ಕಿಗೆ ಇಳಿಯುತ್ತೆ. ಹೆಸರು, ಐನೋಡ್ (ಪ್ರತಿ ಫೈಲಿನ ವಿವರದ ದಾಖಲೆ) ಮುಂತಾದ ಮೆಟಾಡೇಟಾ ಮಾತ್ರ ಸದ್ಯಕ್ಕೆ ಲಾಗಿನಲ್ಲಿ ಭದ್ರವಾಗಿ ಕೂತು, ತನ್ನ ಜಾಗಕ್ಕೆ ಹಿಂದಿನಿಂದ ಹೋಗುತ್ತೆ. ಕರೆಂಟ್ ಹೋದ್ರೂ ಮುಂದಿನ ಮೌಂಟ್‌ನಲ್ಲಿ ಲಾಗ್ ಓದಿ ಎಲ್ಲವನ್ನೂ ಸ್ವಸ್ಥಾನಕ್ಕೆ ಸೇರಿಸುತ್ತೆ. ಆ ಸೇರಿಸೋ ಕೆಲಸಕ್ಕೆ ಬರೆಯೋ ಅನುಮತಿ ಬೇಕು. ಮೌಂಟ್ ಮಾತ್ರ ರೀಡ್-ಓನ್ಲಿ ಇದ್ದಾಗ ಡಿವೈಸಿಗೆ ಬರೀತಿತ್ತು, ಅಂದ್ರೆ ಅವತ್ತು ಪಾಸಾದ ನಿಮ್ಮ ನಕಲು ಬದಲಾಗಿತ್ತು. ಈಗ ನೀವು 'ನೋ-ರಿಕವರಿ' ಕೊಟ್ಟು ಲಾಗನ್ನೇ ಓದಬೇಡ ಅಂದಿದ್ದೀರಿ.

ನಕಲು ಮಾಡೋ ಮುಂಚೆ ಮೂಲದ ಮೌಂಟ್ ಪಾಯಿಂಟನ್ನ ಎಫ್‌ಎಸ್‌ಫ್ರೀಜ್ ಕಮಾಂಡಿನಿಂದ ಫ್ರೀಜ್ ಮಾಡಿ (ಬರೆಯೋದನ್ನ ತಡೆದು ನಿಲ್ಲಿಸಿ), ಮುಗಿದ ಮೇಲೆ ಬಿಡಿಸಿ. ಫ್ರೀಜ್ ಆದಾಗ ಮೆಟಾಡೇಟಾ ಪೂರ್ತಿ ತನ್ನ ಜಾಗಕ್ಕೆ ಇಳಿಯುತ್ತೆ. ಹಾಗಿದ್ರೂ ಲಾಗ್ 'ಕೊಳೆ' (ಡರ್ಟಿ, ಅಂದ್ರೆ ಓದಿ ಸೇರಿಸೋದು ಬಾಕಿ ಇದೆ) ಅಂತಲೇ ಗುರುತಾಗಿರುತ್ತೆ, ಹಾಗಾಗಿ ರೀಡ್-ಓನ್ಲಿ, ನೋ-ಯುಯುಐಡಿ, ನೋ-ರಿಕವರಿ ಮೂರೂ ಒಟ್ಟಿಗೆ ಬೇಕು. ಯುಯುಐಡಿ ಬದಲಾಯಿಸೋ ದಾರಿಗೆ ಹೋಗಬೇಡಿ. ಲಾಗ್ ಕೊಳೆಯಾಗಿದ್ರೆ ಅದಕ್ಕಿರೋ ಎಕ್ಸ್‌ಎಫ್‌ಎಸ್ ಅಡ್ಮಿನ್ ಟೂಲ್ ಒಪ್ಪಲ್ಲ, ಒಪ್ಪಿದ್ರೂ ನಕಲು ನಕಲಾಗಿ ಉಳಿಯಲ್ಲ.

ಫ್ರೀಜ್ ಬಿಡಿಸೋ ಸಾಲನ್ನ ಟ್ರ್ಯಾಪ್‌ನಲ್ಲಿಡಿ (ಸ್ಕ್ರಿಪ್ಟ್ ಮಧ್ಯದಲ್ಲಿ ನಿಂತ್ರೂ ಆ ಸಾಲನ್ನ ಓಡಿಸೋ ಶೆಲ್ ಸೌಲಭ್ಯ). ಟೆಸ್ಟ್ ಮಧ್ಯದಲ್ಲಿ ಸತ್ತರೆ, ಅಲ್ಲಿಗೆ ಬರೆಯೋಕೆ ಹೋದ ಪ್ರೋಸೆಸ್ಸುಗಳೆಲ್ಲ ಕಿಲ್ ಕೊಟ್ರೂ ಅಲ್ಲಾಡದೆ ನಿಂತುಬಿಡ್ತವೆ.

ತುಂಗಾತೀರ

200ಕ್ಕೆ 200 ಬಂತು! ಮೌಂಟ್‌ಗೆ ಮುಂಚೆ ಒಂದು ಸಲ, ಅನ್‌ಮೌಂಟ್ ಆದ ಮೇಲೆ ಒಂದು ಸಲ ಇಮೇಜಿನ ಚೆಕ್‌ಸಮ್ ತೆಗೆದೆ, ಎರಡೂ ಒಂದೇ. ಆ ಹೋಲಿಕೆಯನ್ನೂ ಟೆಸ್ಟಿಗೇ ಸೇರಿಸಿದ್ದೀನಿ. ಇಬ್ಬರಿಗೂ ತುಂಬಾ ಧನ್ಯವಾದ. ಇಎಕ್ಸ್‌ಟಿ4 ಟೆಸ್ಟಲ್ಲೂ ಲೂಪ್ ಡಿವೈಸ್ ಬರೆಯೋಕೆ ತೆರೆದೇ ಇತ್ತು, ಇವತ್ತು ಅದನ್ನ ಬಿಚ್ಚಿ ನೋಡ್ತೀನಿ.