‘ಲ್ಯಾಂಪಿಂಗ್’, ‘ಕಾಲಿಂಗ್’: ನರಿ ಹತೋಟಿಯ ಮಾತುಗಳಿಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಬ್ರಿಟನ್ನಿನ ಕುರಿ ಸಾಕಣೆ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕುರಿ, ಹುಲ್ಲು, ಉಣ್ಣೆಯ ಭಾಗ ಸಲೀಸಾಗಿ ಸಾಗಿತು. ರಾತ್ರಿ ಹೊಲದಲ್ಲಿ ನರಿ ಹೊಡೆಯುವ ಭಾಗದಲ್ಲಿ ಮಾತ್ರ ಎರಡು ಪದ ಅಡ್ಡ ನಿಂತಿವೆ: ‘ಲ್ಯಾಂಪಿಂಗ್’ ಮತ್ತು ‘ಕಾಲಿಂಗ್’.

ಮೊದಲು ಅಲ್ಲಿ ನಡೆಯುವ ಕೆಲಸ ಏನು ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಯಾರಿಗೂ ಪದ ಸೂಚಿಸೋಕೆ ಆಗಲ್ಲ. ಅಲ್ಲಿ ವಸಂತದಲ್ಲಿ ಕುರಿ ಈಯುತ್ತದೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ, ಮಾರ್ಚ್-ಏಪ್ರಿಲ್‌ನಲ್ಲಿ, ನರಿಯೂ ಮರಿ ಹಾಕಿರುತ್ತದೆ. ಎಳೆ ಕುರಿಮರಿ, ಕೋಳಿ, ನೆಲದ ಮೇಲೆ ಗೂಡು ಮಾಡುವ ಹಕ್ಕಿಗಳ ಮೊಟ್ಟೆ, ಎಲ್ಲಕ್ಕೂ ಬಾಯಿ ಹಾಕುತ್ತದೆ. ಹಾಗಾಗಿ ರೈತರು, ಇಲ್ಲವೇ ಅವರ ಒಪ್ಪಿಗೆ ಪಡೆದ ಬಂದೂಕಿನವರು, ಕತ್ತಲಾದ ಮೇಲೆ ಹೊರಡುತ್ತಾರೆ. ಸಾಮಾನ್ಯವಾಗಿ ಇಬ್ಬರು. ಒಬ್ಬರ ಕೈಯಲ್ಲಿ ದೊಡ್ಡ ಲೈಟು, ಇನ್ನೊಬ್ಬರ ಕೈಯಲ್ಲಿ ರೈಫಲ್. ಬೆಳಕಿನ ನಡುಭಾಗವನ್ನು ನರಿಯ ಮುಖಕ್ಕೆ ಹಿಡಿಯುವುದಿಲ್ಲ, ಅಂಚು ಮಾತ್ರ ಹೊಲವನ್ನು ಸವರಿಕೊಂಡು ಹೋಗುವ ಹಾಗೆ ನಿಧಾನವಾಗಿ ತಿರುಗಿಸುತ್ತಾರೆ. ಬಿಳಿ ಬೆಳಕಿಗೆ ನರಿ ಬೇಗ ಬೆದರುತ್ತದೆ ಅಂತ ಲೈಟಿಗೆ ಕೆಂಪು ಗಾಜು ಹಾಕಿಕೊಳ್ಳುವವರು ಜಾಸ್ತಿ. ನರಿಯ ಕಣ್ಣಿನೊಳಗೆ ಬೆಳಕನ್ನು ವಾಪಸ್ ಕಳಿಸುವ ಒಂದು ಪೊರೆ ಇದೆಯಲ್ಲ, ಅದರಿಂದ ದೂರದಲ್ಲೇ ಎರಡು ಕಣ್ಣು ಫಳ್ ಅಂತ ಹೊಳೆಯುತ್ತವೆ. ಲೈಟು ಅಲ್ಲಿಗೆ ನಿಲ್ಲುತ್ತದೆ. ಲ್ಯಾಂಪಿಂಗ್ ಅಂದರೆ ಇಷ್ಟು.

ಇನ್ನು ಕಾಲಿಂಗ್. ಅಂಗೈಯ ಹಿಂಬದಿಯನ್ನು ತುಟಿಗೆ ಒತ್ತಿಕೊಂಡು ಗಾಳಿಯನ್ನು ಒಳಗೆ ಎಳೆದರೆ ಒಂದು ಕೀರಲು ದನಿ ಬರುತ್ತದೆ, ಈಗಲೇ ಮಾಡಿ ನೋಡಿ. ಸಿಕ್ಕಿಬಿದ್ದ ಮೊಲ ಕಿರುಚುವುದು, ಇಲಿ ಕೀಚ್ ಅನ್ನುವುದು ಹೆಚ್ಚುಕಡಿಮೆ ಹೀಗೇ. ಥರ್ಮಾಕೋಲ್ ಚೂರನ್ನು ಗಾಡಿಯ ಒದ್ದೆ ಗಾಜಿಗೆ ಉಜ್ಜಿದರೂ ಇಂಥದ್ದೇ ದನಿ ಬರುತ್ತದಂತೆ. ಬಾಯಲ್ಲಿ ಇಟ್ಟು ಊದುವ ಸಾಧನಗಳಿವೆ, ರೆಕಾರ್ಡ್ ಮಾಡಿದ ದನಿ ಬಿಡುವ ಪೆಟ್ಟಿಗೆಗಳೂ ಇವೆ. ಊಟ ಸಿಕ್ಕಿತು ಅಂತ ನರಿ ಬರುತ್ತದೆ, ಆದರೆ ಎಷ್ಟೋ ಸಲ ನೇರವಾಗಿ ಬರುವುದಿಲ್ಲ. ಸುತ್ತು ಹಾಕಿ, ದನಿ ಬಂದ ಕಡೆಯಿಂದ ಗಾಳಿ ತನ್ನ ಮೂಗಿಗೆ ಬೀಸುವ ಕಡೆ ಹೋಗಿ, ಮೂಸಿ ನೋಡುತ್ತದೆ. ಅದಕ್ಕೇ ಗಾಳಿ ಯಾವ ಕಡೆಗಿದೆ ಅಂತ ನೋಡಿಯೇ ಇವರು ನಿಲ್ಲುವ ಜಾಗ ಹುಡುಕುವುದು.

ಈಗ ನನ್ನ ತಕರಾರು. ‘ದೀಪಬೇಟೆ’ ಅಂತ ಬರೆದು ನೋಡಿದೆ. ದೀಪ ಅಂದ ಕೂಡಲೇ ಎಣ್ಣೆ, ಬತ್ತಿ, ದೇವರ ಮನೆ ಕಣ್ಣಿಗೆ ಬರುತ್ತವೆ. ‘ಟಾರ್ಚ್ ಬೇಟೆ’ ಅಂದರೆ ಇನ್ನೊಂದು ಗೋಳು: ಕನ್ನಡ ಓದುಗರಿಗೆ ರಾತ್ರಿ ಟಾರ್ಚ್ ಹಿಡಿದು ಹೋಗುವುದು ಅಂದರೆ ಕಳ್ಳಬೇಟೆಯೇ. ನಮ್ಮಲ್ಲಿ ಹಾಗೆ ಅಂದುಕೊಳ್ಳುವುದು ಸರಿಯೂ ಹೌದು, 1972ರ ವನ್ಯಜೀವಿ ಕಾಯ್ದೆ ಇದೆ. ಆದರೆ ಬ್ರಿಟನ್ನಿನಲ್ಲಿ ಜಮೀನಿನವರ ಒಪ್ಪಿಗೆ, ಬಂದೂಕಿನ ಪರವಾನಗಿ ಎರಡೂ ಇದ್ದರೆ ನರಿಯನ್ನು ರಾತ್ರಿ ಲೈಟು ಬಿಟ್ಟು ಹೊಡೆಯಲು ಕಾನೂನಿನ ಅಡ್ಡಿಯಿಲ್ಲ. ಅಲ್ಲಿನ 1981ರ ಕಾಯ್ದೆ ಕೆಲವು ಪ್ರಾಣಿಗಳ ಪಟ್ಟಿ ಮಾಡಿ, ಅವನ್ನು ಕೊಲ್ಲೋಕೆ ಹೀಗೆ ಲೈಟು ಬಿಡುವುದು, ರೆಕಾರ್ಡ್ ಮಾಡಿದ ದನಿಯಿಂದ ಸೆಳೆಯುವುದು ಕೂಡದು ಅನ್ನುತ್ತದೆ. ಬ್ಯಾಜರ್ (ಬಿಲ ತೋಡಿ ಬದುಕುವ ಅಲ್ಲಿನ ಒಂದು ಕಾಡುಪ್ರಾಣಿ), ನೀರುನಾಯಿ, ಮುಳ್ಳಿಲಿ ಆ ಪಟ್ಟಿಯಲ್ಲಿವೆ, ನರಿ ಇಲ್ಲ. ಜಿಂಕೆಯ ಮಾತು ಬೇರೆ, ಅದನ್ನು ರಾತ್ರಿ ಹೊಡೆಯಲು ವಿಶೇಷ ಅನುಮತಿ ಬೇಕು. ನಾಯಿ ಬಿಟ್ಟು ನರಿ ಅಟ್ಟಿಸುವ ಆಟವನ್ನು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2004ರ ಕಾಯ್ದೆ ನಿಲ್ಲಿಸಿತು, ಅದು ಜಾರಿಗೆ ಬಂದದ್ದು 2005ರ ಫೆಬ್ರವರಿಯಲ್ಲಿ. ಅಂದರೆ ಕೆಂಪು ಕೋಟು, ಕುದುರೆ, ನಾಯಿಗಳ ಆ ನರಿಬೇಟೆಯೇ ಬೇರೆ, ಈ ಕೆಲಸವೇ ಬೇರೆ. ‘ಬೇಟೆ’ ಅಂತ ಬರೆದರೆ ಓದುಗರು ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ‘ಶಿಕಾರಿ’ ಅಂದರೆ ಇನ್ನೂ ಕಷ್ಟ, ಅದರಲ್ಲಿ ಮೋಜಿನ ವಾಸನೆ ಇದೆ.

ಹಾಗಂತ ಇಂಗ್ಲಿಷಿನ ಪದವೇನೂ ಶುದ್ಧವಲ್ಲ. ಲ್ಯಾಂಪಿಂಗ್ ಅನ್ನುವುದು ನಾಯಿ ಕರೆದುಕೊಂಡು ಹೋಗಿ ರಾತ್ರಿ ಮೊಲ ಹಿಡಿಯುವುದಕ್ಕೂ ಸಲ್ಲುತ್ತದೆ, ಒಪ್ಪಿಗೆ ಇಲ್ಲದೆ ಕಂಡವರ ಜಮೀನಿಗೆ ನುಗ್ಗುವವರಿಗೂ ಸಲ್ಲುತ್ತದೆ. ಆಸ್ಟ್ರೇಲಿಯಾದಲ್ಲಿ ಇದಕ್ಕೆ ‘ಸ್ಪಾಟ್‌ಲೈಟಿಂಗ್’ ಅನ್ನುತ್ತಾರೆ, ಅಲ್ಲಿ ಸುಮ್ನೆ ಪ್ರಾಣಿ ನೋಡೋಕೆ ರಾತ್ರಿ ಲೈಟು ಹಿಡಿದು ಹೋಗುವುದೂ ಸ್ಪಾಟ್‌ಲೈಟಿಂಗೇ. ಅಮೆರಿಕದಲ್ಲಿ ಅದೇ ಪದಕ್ಕೆ ಜಿಂಕೆಯ ಕಳ್ಳಬೇಟೆ ಅಂತ ಅರ್ಥ ಬರುವುದುಂಟು. ಇನ್ನು ಬ್ರಿಟಿಷ್ ಆಡುಮಾತಿನಲ್ಲಿ ಯಾರನ್ನಾದರೂ ‘ಲ್ಯಾಂಪ್’ ಮಾಡಿದ ಅಂದರೆ ಮುಖಕ್ಕೆ ಗುದ್ದಿದ ಅಂತ!

ನನಗೆ ಸದ್ಯಕ್ಕೆ ಹಿಡಿಸಿರುವುದು ‘ಲೈಟು ಬಿಟ್ಟು ಹೊಡೆಯುವುದು’. ಹೆಸರುಪದ ಮಾಡಲೇಬೇಕು ಅಂತ ಹಟ ಹಿಡಿದರೆ ಪೇಚು, ಮಾತನ್ನು ಕ್ರಿಯೆಯಾಗಿ ಇಟ್ಟರೆ ಸರಾಗ. ಆದರೆ ಈಗ ಪ್ರಾಣಿಯ ಮೈಬಿಸಿಯಿಂದಲೇ ಅದನ್ನು ತೋರಿಸುವ ಥರ್ಮಲ್ ಕ್ಯಾಮೆರಾ, ರಾತ್ರಿ ಕಾಣುವ ದುರ್ಬೀನು ಬಂದಿವೆ, ಎಷ್ಟೋ ಜನ ಲೈಟೇ ಇಲ್ಲದೆ ಹೋಗುತ್ತಾರೆ. ಅಂಥ ಕಡೆ ಈ ಮಾತು ಹೊಂದಲ್ಲ. ತಲೆಬರಹಕ್ಕೆ ‘ನರಿ ಹತೋಟಿ’ ಇಟ್ಟಿದ್ದೇನೆ. ಕೀಟ ಹತೋಟಿ, ಕಳೆ ಹತೋಟಿ ಅಂತ ಕೃಷಿ ಬರಹಗಳಲ್ಲಿ ದಿನಾ ಓದುತ್ತೇವೆ, ಹಾಗಾಗಿ ರೈತರ ಮಾತಿನ ಹಾಗೇ ಕೇಳುತ್ತದೆ. ‘ನಿಯಂತ್ರಣ’ ಕಚೇರಿಯ ಮಾತು. ಹತೋಟಿ ಅನ್ನುವುದು ಕೊಲ್ಲುವುದನ್ನು ಮುಚ್ಚಿಡುವ ಮಾತು ಅಂತ ಯಾರಾದರೂ ಹೇಳಬಹುದು. ಒಪ್ಪುತ್ತೇನೆ. ಅದಕ್ಕೇ ಒಳಗೆ ಗುಂಡಿನ ಮಾತು ಬಂದ ಕಡೆಯೆಲ್ಲ ‘ಕೊಲ್ಲು’, ‘ಹೊಡೆ’ ಅಂತಲೇ ಬರೆದಿದ್ದೇನೆ.

ಕಾಲಿಂಗ್ ಇನ್ನೂ ಸಿಕ್ಕು. ‘ನರಿ ಕರೆ’ ಅಂದರೆ ನರಿ ಕೂಗಿದ್ದೋ, ನರಿಯನ್ನು ಕೂಗಿದ್ದೋ ತಿಳಿಯಲ್ಲ. ಊದುವ ಸಾಧನಕ್ಕೂ ಇಂಗ್ಲಿಷಿನಲ್ಲಿ ‘ಕಾಲ್’ ಅಂತಲೇ ಹೆಸರು. ಸಾಧನಕ್ಕೆ ‘ಪೀಪಿ’ ಅಂದರೆ ಸಾಕು ಅನ್ನಿಸುತ್ತದೆ, ಮಕ್ಕಳ ಆಟದ ಸಾಮಾನಿನ ಹೆಸರು ಅನ್ನುವುದೊಂದೇ ಅಳುಕು. ಕೆಲಸಕ್ಕೆ ‘ದನಿ ಮಾಡಿ ಬರಿಸುವುದು’ ಅಂತ ಹಾಕಿದ್ದೇನೆ. ಹಳಗನ್ನಡದಲ್ಲಿ ಪ್ರಾಣಿಯನ್ನು ಸೆಳೆಯಲು ಕಟ್ಟುವ ಪಳಗಿದ ಪ್ರಾಣಿಗೆ ‘ದೀಮ’, ‘ದೀಹ’ ಅನ್ನುತ್ತಿದ್ದರು. ಅದೇ ಜಾಡಿನಲ್ಲಿ ‘ದನಿದೀಮ’ ಅಂತ ಕಟ್ಟಬಹುದು. ಕಿವಿಗೆ ಚೆನ್ನಾಗಿದೆ, ಆದರೆ ಕುರಿ ಸಾಕುವವರು ಓದುವ ಬರಹದಲ್ಲಿ ಅಡಿಟಿಪ್ಪಣಿ ಇಲ್ಲದೆ ನಡೆಯುತ್ತಾ? ‘ಸೋವು’ ಅಂತ ಇನ್ನೊಂದು ಹಳೆಯ ಪದ ಇದೆ, ಅದು ಗದ್ದಲ ಮಾಡಿ ಪ್ರಾಣಿಯನ್ನು ಎಬ್ಬಿಸಿ ಓಡಿಸುವುದು. ಇಲ್ಲಿ ಬೇಕಿರುವುದು ಅದರ ತದ್ವಿರುದ್ಧ.

ಅಂದಹಾಗೆ ನರಿ ಅನ್ನುವ ಪದವೇ ಕಾಲಿಗೆ ತೊಡರುತ್ತದೆ. ನಮ್ಮ ಕಿವಿಯಲ್ಲಿ ನರಿ ಊಳಿಡುತ್ತದೆ. ಊಳಿಡುವುದು ಗುಳ್ಳೆನರಿ, ಅದು ಬ್ರಿಟನ್ನಿನಲ್ಲಿ ಇಲ್ಲ. ಅಲ್ಲಿರುವುದು ಕೆಂಪು ನರಿ. ಅದು ಬೊಗಳುತ್ತದೆ, ಚಳಿಗಾಲದಲ್ಲಿ ಜೋಡಿಯಾಗುವ ಹೊತ್ತಿನಲ್ಲಿ ಕರ್ಕಶವಾಗಿ ಕಿರುಚುತ್ತದೆ. ಆದ್ದರಿಂದ ‘ಊಳಿಟ್ಟಿತು’ ಅಂತ ಯಾರೂ ತಿದ್ದಬೇಡಿ ಅಂತ ಮೊದಲೇ ಕೇಳಿಕೊಳ್ಳುತ್ತೇನೆ.

ಇನ್ನೊಂದು ವಾಕ್ಯಕ್ಕೂ ನಿಮ್ಮ ಸಹಾಯ ಬೇಕು. ಮೂಲದಲ್ಲಿ, ಬರೀ ಕಣ್ಣಿನ ಹೊಳಪು ನೋಡಿ ಗುಂಡು ಹಾರಿಸಬಾರದು ಅಂತ ಕಟ್ಟುನಿಟ್ಟಾಗಿ ಇದೆ. ಕುರಿ, ನಾಯಿ, ಬೆಕ್ಕು, ಜಿಂಕೆ, ಎಲ್ಲದರ ಕಣ್ಣೂ ಹೊಳೆಯುತ್ತದಲ್ಲ. ಪೂರ್ತಿ ಮೈ ಕಂಡು ನರಿಯೇ ಅಂತ ಖಾತ್ರಿಯಾಗಬೇಕು, ಜೊತೆಗೆ ಗುರಿ ತಪ್ಪಿದರೂ, ಮೈ ತೂರಿ ಹೋದರೂ ಗುಂಡು ಹೋಗಿ ಹೂತುಕೊಳ್ಳಲು ಹಿಂದೆ ಮಣ್ಣಿನ ದಿಬ್ಬವೋ ಏರುನೆಲವೋ ಇರಬೇಕು. ಇದಕ್ಕೆ ‘ಬ್ಯಾಕ್‌ಸ್ಟಾಪ್’ ಅನ್ನುತ್ತಾರೆ. ನಾನು ‘ಗುಂಡಿಗೆ ಹಿಂದೊಡ್ಡು’ ಅಂತ ಮಾಡಿದ್ದೇನೆ. ಪೊಲೀಸರಲ್ಲೋ ಸೈನ್ಯದಲ್ಲೋ ಗುಂಡು ಹೊಡೆಯುವ ಅಭ್ಯಾಸದ ಮೈದಾನದಲ್ಲಿ ಆ ಮಣ್ಣಿನ ಗೋಡೆಗೆ ಕನ್ನಡದಲ್ಲಿ ಏನಂತಾರೆ, ಗೊತ್ತಿದ್ದವರು ತಿಳಿಸಿ. ಅಲ್ಲಿ ಬಳಕೆಯಲ್ಲಿರುವ ಮಾತು ನಾನು ಕಟ್ಟಿದ್ದಕ್ಕಿಂತ ಒಳ್ಳೆಯದು.

ಕೊನೆಯದು ‘ಲ್ಯಾಂಪ್ ಶೈ’. ಒಮ್ಮೆ ಲೈಟಿನಲ್ಲಿ ಸಿಕ್ಕಿ ಗುಂಡಿನಿಂದ ತಪ್ಪಿಸಿಕೊಂಡ ನರಿ ಆಮೇಲೆ ಬೆಳಕಿನ ಕಡೆ ತಿರುಗಿಯೂ ನೋಡುವುದಿಲ್ಲ, ಕಂಡ ಕೂಡಲೇ ಬೇಲಿ ಸಂದಿಗೆ ನುಸುಳುತ್ತದೆ. ‘ಬೆಳಕಿಗೆ ನಾಚುವ ನರಿ’ ಅಂತೂ ಬೇಡ, ನಗು ಬರುತ್ತೆ. ಮೈಗಳ್ಳ ಅನ್ನುವ ಹಾಗೆ ‘ಬೆಳಕುಗಳ್ಳ ನರಿ’ ಅನ್ನಬಹುದಾ, ಇಲ್ಲಾ ಅದು ಬೆಳಕು ಕದಿಯುವ ನರಿ ಅಂತ ಕೇಳಿಸುತ್ತಾ?