ಹಳ್ಳದಲ್ಲಿ ಆಡಿದ ಮಗಳಿಗೆ ಜ್ವರ, ಇಲಿ ಜ್ವರ ಇರಬಹುದಾ?

ಮಕ್ಕಳ ಡಾಕ್ಟರ್ ಯಾರಾದ್ರೂ ಇದ್ದರೆ ಸ್ವಲ್ಪ ಹೇಳಿ. ಮಗಳಿಗೆ 8 ವರ್ಷ. ಹೋದ ವಾರ ಹಳ್ಳದಲ್ಲಿ ಮನಸೋ ಇಚ್ಛೆ ಆಡಿದಳು, ಮೊಣಕಾಲು ತರಚಿತ್ತು. ನಿನ್ನೆಯಿಂದ ಜೋರು ಜ್ವರ. ಮೀನಖಂಡ ಮುಟ್ಟಿದರೆ ಸಾಕು, ಅಳುತ್ತಾಳೆ. ಕಣ್ಣು ಕೆಂಪಾಗಿದೆ, ಆದರೆ ಪಿಸುರು ಇಲ್ಲ.

ಇಲಿ, ಹೆಗ್ಗಣದ ಮೂತ್ರ ಸೇರಿದ ನೀರು ಗಾಯಕ್ಕೆ ತಗುಲಿದರೆ ಇಲಿ ಜ್ವರ ಬರುತ್ತದೆ, ಲಕ್ಷಣ ಕಾಣೋಕೆ 2ರಿಂದ 30 ದಿನ ಹಿಡಿಯಬಹುದು ಅಲ್ವಾ? ಲೆಕ್ಕ ಕೂಡುತ್ತಿದೆ, ಅದೇ ಭಯ. ತೋರಿಸಿದ ಡಾಕ್ಟರ್ ಹಳ್ಳದ ವಿಷಯಕ್ಕೆ ಜಾಸ್ತಿ ಕಿವಿಗೊಡಲಿಲ್ಲ. ವೈರಲ್ ಅಂತ ಪ್ಯಾರಾಸಿಟಮಾಲ್ ಕೊಟ್ಟು ಕಳಿಸಿದರು.

ಮೊದಲ ವಾರದಲ್ಲಿ ಆಂಟಿಬಾಡಿ ಟೆಸ್ಟ್ ನೆಗೆಟಿವ್ ಬರಬಹುದಂತೆ. ಹಾಗಾದ್ರೆ ಈಗ ರಕ್ತದಲ್ಲಿ ರೋಗಾಣುವನ್ನೇ ಹುಡುಕುವ ಪಿಸಿಆರ್ ಟೆಸ್ಟ್ ಕೇಳಬೇಕಾ? ವರದಿಗೆ ಕಾಯದೆ ಆಂಟಿಬಯೋಟಿಕ್ ಶುರು ಮಾಡುತ್ತಾರಾ? ಕಣ್ಣು ಹಳದಿಯಾದರೆ, ಮೂತ್ರ ಕಡಿಮೆಯಾದರೆ ಸೀದಾ ಆಸ್ಪತ್ರೆಗೆ, ಅದು ಗೊತ್ತಿದೆ. ಸಂಜೆ ಇನ್ನೊಬ್ಬರಿಗೆ ತೋರಿಸುತ್ತಿದ್ದೇವೆ, ಅಷ್ಟರೊಳಗೆ ಉತ್ತರ ಸಿಕ್ಕರೆ ಉಪಕಾರ. ಮನೆಮದ್ದು ಮಾತ್ರ ಬೇಡ, ಪ್ಲೀಸ್.